ಹೊಳೆಯುವ ಬಣ್ಣದ ಮೇಲೆ ಒಂದು ಕೈ

ನನ್ನ ಅಣ್ಣ ಹುಟ್ಟಾ ಸಂಶಯದ ಮನುಷ್ಯ. ತೆಂಗಿನಕಾಯನ್ನು ಮೂರು ಮೂರು ಸಲ ಕುಲುಕಿ, ಆಮೇಲೂ ಅಂಗಡಿಯವನ ಮುಖ ನೋಡುವ ಜಾತಿ.

ಎರಡು ಸಾವಿರದ ಐದಾರರ ಸುಮಾರಿಗೆ ನಾನು ಕುಂದಾಪುರದಿಂದ ದಿನಾ ಬಸ್ಸಿನಲ್ಲಿ ಹೋಗಿ ಇಂಜಿನಿಯರಿಂಗ್ ಓದುತ್ತಿದ್ದೆ. ಕೊನೆಯ ವರ್ಷದ ಪ್ರಾಜೆಕ್ಟು ಗಾಳಿ ಸುರಂಗದ್ದು. ದೊಡ್ಡ ಫ್ಯಾನಿನ ಗಾಳಿ ವಿಮಾನದ ರೆಕ್ಕೆಯ ಮಾದರಿಯ ಮೇಲೆ ಎಲ್ಲಿ ಎಷ್ಟು ಒತ್ತುತ್ತದೆ ಎಂದು ಅಳೆಯಬೇಕು. ಅದಕ್ಕೆಂದೇ ಒಂದು ಬಣ್ಣ. ನೀಲಿ ಬೆಳಕು ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ಹೆಚ್ಚು ಒತ್ತಿದಲ್ಲಿ ಮಂಕಾಗುತ್ತದೆ, ಒತ್ತಡ ಕಡಿಮೆಯಾದಲ್ಲಿ ಪ್ರಕಾಶ ಹೆಚ್ಚುತ್ತದೆ. ಹೊರಗಿನ ಬೆಳಕು ಸುಳಿಯಬಾರದು. ಹಾಗಾಗಿ ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲಿಗೆ ಚಿಲಕ. ಒಳಗೆ ನಾನು, ಮತ್ತೆ ಇನ್ನೂ ಮದುವೆಯಾಗದ ನಮ್ಮ ಮೇಷ್ಟ್ರು.

ಬಸ್ಸಿನಲ್ಲಿ ನನ್ನ ಜೊತೆ ಬರುವ ಯಾರೋ ಇದನ್ನು ಅಮ್ಮನ ಕಿವಿಗೆ ಹಾಕಿದರು. ಅಮ್ಮ ನನ್ನೆದುರೇ ಅಣ್ಣನಿಗೆ ಹೇಳಿದಳು:

“ಎಂತ ಅಂತ ಕಂಡ್ಕಂಡ್ ಬಾ. ಸರಿ ಇಲ್ದಿದ್ರೆ ನಾಳೆಯಿಂದ ಈ ಹೆಣ್ಣ್ ಕಾಲೇಜಿಗ್ ಹೋಪ್ದ್ ಬ್ಯಾಡ.”

ನನ್ನ ಓದು ಅಣ್ಣನ ಒಂದು ಮಾತಿನ ಮೇಲೆ ನಿಂತಿತು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಅವನು ಬಂದೇ ಬಂದ. “ಹ್ವಾಯ್ ಮೇಷ್ಟ್ರೆ, ಕತ್ಲಲ್ಲಿ ಎಂತ ಪಾಠ?” ಎಂದ. ಮೇಷ್ಟ್ರು ಸಿಟ್ಟಾಗಲಿಲ್ಲ. ರೆಕ್ಕೆಯ ಪಕ್ಕದಲ್ಲೇ ಕುರ್ಚಿ ಕೊಟ್ಟು, “ಕುಳಿತು ನೋಡಿ. ಬಣ್ಣ ಮಾತ್ರ ಮುಟ್ಟಬೇಡಿ, ಕೈಯ ಬೆವರು, ಎಣ್ಣೆ ತಾಗಿದರೂ ಹೊಳಪು ಬದಲಾಗುತ್ತದೆ” ಎಂದರು.

ಗಾಳಿ ಬಿಡುವ ಮೊದಲು ಒಂದು ಫೋಟೊ ತೆಗೆದೆವು. ಆಮೇಲೆ ನಾವಿಬ್ಬರೂ ಕೋಣೆಯ ಆಚೆ ತುದಿಗೆ ಹೋಗಿ ಫ್ಯಾನು ಹಾಕಿದೆವು. ಕತ್ತಲಲ್ಲಿ ಅಣ್ಣ ನಮ್ಮನ್ನೇ ನೋಡುತ್ತಿದ್ದಾನೆ ಎಂದುಕೊಂಡಿದ್ದೆ. ಗಾಳಿ ಬೀಸುವಾಗ ಇನ್ನೊಂದು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಎರಡನ್ನೂ ಹೋಲಿಸಿದೆವು.

ರೆಕ್ಕೆಯ ಮಧ್ಯೆ ಅಂಗೈ ಗುರುತು! ನಾಲ್ಕು ಬೆರಳು ಪೂರ್ತಿ, ತೋರುಬೆರಳು ಅರ್ಧಕ್ಕೇ ಮುಗಿದಿತ್ತು.

ಅಣ್ಣನ ಅರ್ಧ ತೋರುಬೆರಳು ಬಂದರಿನ ಐಸ್ ಪುಡಿ ಮಾಡುವ ಮಿಷನ್ನಿಗೆ ಹೋಗಿ ವರ್ಷಗಳಾಗಿದ್ದವು. ಮೇಷ್ಟ್ರು ಪರದೆ ನೋಡಿದರು, ಅಣ್ಣನ ಕೈ ನೋಡಿದರು, ಸುಮ್ಮನೆ ಕೆಮ್ಮಿದರು. ನಾನು ಬಿಡುವವಳಲ್ಲ.

“ಮುಟ್ಟಿದ್ದ್ ಯಾರ್ ಅಣ್ಣ?”

“ಹೌದಾ ಅಲ್ದಾ ಅಂತ ಕಂಡದ್ದ್,” ಎಂದು ಕೈಯನ್ನು ಪ್ಯಾಂಟಿನ ಕಿಸೆಗೆ ತುರುಕಿದ. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೊರಟೆವು. ಇಳಿಯುವಾಗ ಮೆಲ್ಲಗೆ, “ಆ ಪಟದ್ ಸುದ್ದಿ ಅಮ್ಮನ್ ಹತ್ರ ಬ್ಯಾಡ,” ಎಂದ.

ಮನೆಯಲ್ಲಿ ಅವನು ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳಿದಳು, “ಎಂತ ಕಂಡೆ?”

“ಎಂತದೂ ಇಲ್ಲೆ ಅಮ್ಮ, ಬರೀ ಗಾಳಿ. ಹೆಣ್ಣ್ ಕಾಲೇಜಿಗ್ ಹೋಯ್ಲಿ.”

ಹೇಳುವಾಗಲೂ ಬಲಗೈ ಕಿಸೆಯಲ್ಲೇ ಇತ್ತು.