ಗಾಜಿನ ಮುಚ್ಚಳದ ಪೆಟ್ಟಿಗೆ

ನನ್ನ ಸ್ನೇಹಿತನ ಸಿಗಾರುಗಳು ನಕಲಿ ಎಂಬುದು ಅವನ್ನು ನೋಡಿದ ದಿನವೇ ನನಗೆ ಗೊತ್ತಾಗಿತ್ತು. ಅದನ್ನು ಅವನಿಗೆ ಹೇಳಲು ಎರಡು ವರ್ಷ ಹಿಡಿಯಿತು. ಹೇಳಿದ ಮೇಲೆ ನಾವು ಸ್ನೇಹಿತರಾಗಿ ಉಳಿಯಲಿಲ್ಲ.

ನಾವಿಬ್ಬರೂ ಗಡಿನಾಡಿನ ಮೊಗ್ರಾಲಿನವರು. ಒಂದೇ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅವನ ಮನೆಮಾತು ತುಳು, ನಮ್ಮದು ಕನ್ನಡ. ಅವನ ತಂದೆಗೆ ಪೇಟೆಯಲ್ಲಿ ದಿನಸಿ ಅಂಗಡಿ ಇತ್ತು. ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಮೊರ ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕೂತಿರುತ್ತಿದ್ದ ಅಮ್ಮನ ಬೆರಳುಗಳಿಗೆ, ಸೀರೆಯ ಸೆರಗಿಗೆ, ನಾವು ಉಣ್ಣುವ ಅನ್ನಕ್ಕೂ ಹೊಗೆಸೊಪ್ಪಿನ ವಾಸನೆ ಇತ್ತು. ಶಾಲೆಯಲ್ಲಿ ನನ್ನ ಪುಸ್ತಕಗಳನ್ನು ಮೂಸಿ ನೋಡಿ ನಗುತ್ತಿದ್ದವರಲ್ಲಿ ಅವನೂ ಒಬ್ಬ. ಹುಡುಗಾಟದಲ್ಲಿ ಆದದ್ದು, ನಾನು ಮರೆತಿದ್ದೇನೆ ಎಂದುಕೊಂಡಿದ್ದೆ.

ಮುಂದೆ ಇಬ್ಬರೂ ಗಲ್ಫಿಗೆ ಹೋದೆವು. ಅವನು ಮಸ್ಕತ್ತಿನಲ್ಲಿ ಒಬ್ಬ ಯಜಮಾನನ ಮನೆಯ ಡ್ರೈವರಾಗಿ ಇಪ್ಪತ್ತೆರಡು ವರ್ಷ ದುಡಿದ. ನಾನು ದೋಹಾದ ದೊಡ್ಡ ಹೋಟೆಲೊಂದರಲ್ಲಿ ಸಿಗಾರ್ ಮಾರುವ ಕೌಂಟರಿನ ಹಿಂದೆ ಹದಿನಾಲ್ಕು ವರ್ಷ ನಿಂತೆ. ಮೊದಲು ಊರಿಗೆ ಮರಳಿದವನು ನಾನು. ಅವನು ಬರುವಾಗ ಒಂದು ಪೆಟ್ಟಿಗೆ ತಂದ. ಯಜಮಾನ ವಿಮಾನ ನಿಲ್ದಾಣದವರೆಗೆ ತಾನೇ ಕಾರು ಓಡಿಸಿಕೊಂಡು ಬಂದು, ಅಪ್ಪಿಕೊಂಡು, ಕೈಯಾರೆ ಕೊಟ್ಟದ್ದಂತೆ. ಒಳಗೆ ಇಪ್ಪತ್ತೈದು ಕ್ಯೂಬಾ ಸಿಗಾರುಗಳು.

ಪೆಟ್ಟಿಗೆಗೆ ಗಾಜಿನ ಮುಚ್ಚಳವಿತ್ತು. ಕ್ಯೂಬಾದ ಅಸಲಿ ಸಿಗಾರು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಬರುವುದಿಲ್ಲ. ನಮ್ಮ ಕೌಂಟರಿಗೆ ಸೇರಿದ ಮೊದಲ ವಾರದಲ್ಲೇ ನನಗೆ ಹೇಳಿಕೊಟ್ಟ ಪಾಠ ಅದು. ಸಿಗಾರಿಗೆ ಸುತ್ತಿದ ಬಂಗಾರ ಬಣ್ಣದ ಪಟ್ಟಿಗಳು ಒಂದೇ ಸಾಲಿನಲ್ಲಿರದೆ ಒಂದು ಮೇಲೆ, ಒಂದು ಕೆಳಗೆ ಇದ್ದವು. ಪಟ್ಟಿಯ ಮೇಲಿನ ಅಚ್ಚು ಅಸಲಿಯಂತೆ ಕೈಗೆ ಉಬ್ಬಾಗಿ ಸಿಗುತ್ತಿರಲಿಲ್ಲ. ಮೂಸಿದರೆ ಒದ್ದೆ ರಟ್ಟಿನ ವಾಸನೆ. ಅವನು ಅದನ್ನು ಫ್ರಿಜ್ಜಿನಲ್ಲಿ ತರಕಾರಿ ಇಡುವ ಡಬ್ಬಿಯಲ್ಲಿ, ತೊಂಡೆಕಾಯಿಯ ಪಕ್ಕದಲ್ಲಿ ಕಾಪಾಡುತ್ತಿದ್ದ.

ಅಂದೇ ಹೇಳಿಬಿಡಬೇಕಿತ್ತು. ಅವನ ಮುಖ ನೋಡಿ ಸುಮ್ಮನಾದೆ. ಅವನು ಸುಮ್ಮನಿರಲಿಲ್ಲ. ಮನೆಗೆ ಯಾರು ಬರಲಿ, ಚಹಾದ ಹಿಂದೆಯೇ ಪೆಟ್ಟಿಗೆ ಹೊರಗೆ ಬರುತ್ತಿತ್ತು.

"ಇವನತ್ರ ಕೇಳಿ. ಇವ ಅದನ್ನೇ ಮಾರ್ತಾ ಇದ್ದದ್ದು. ಒರಿಜಿನಲ್ ಅಲ್ವಾ ಮಾರಾಯ?"

ನಾನು ಹೌದು ಎಂದು ತಲೆಯಾಡಿಸುತ್ತಿದ್ದೆ. "ಇವ ನಿಂತು ಮಾರಿದ್ದು, ನಂಗೆ ಕೂತಲ್ಲಿಗೆ ಬಂತು," ಎಂದು ಅವನು ನಗುತ್ತಿದ್ದ. ಬಂದವರೂ ನಗುತ್ತಿದ್ದರು. ಹೀಗೆ ಎಷ್ಟು ಸಲ ಆಯಿತೋ ಲೆಕ್ಕವಿಲ್ಲ. ಪ್ರತಿ ಸಲವೂ ಮನೆಗೆ ಹೋಗುವ ದಾರಿಯಲ್ಲಿ ಅವನ ಮೇಲೆ ಸಿಟ್ಟು ಬರುತ್ತಿತ್ತು, ನನ್ನ ಮೇಲೆಯೂ.

ಕಳೆದ ವರ್ಷ ಅವನ ಮಗಳಿಗೆ ಮಂಗಳೂರಿನ ಸಂಬಂಧ ಕೂಡಿಬಂತು. ಹುಡುಗನ ತಂದೆ ಹಡಗಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ನಿಶ್ಚಯದ ದಿನ ಬೀಗರಿಗೆ ಆ ಪೆಟ್ಟಿಗೆಯನ್ನು ಉಡುಗೊರೆಯಾಗಿ ಕೊಡುವುದೆಂದು ಅವನು ತೀರ್ಮಾನಿಸಿದ. ಹತ್ತಿಪ್ಪತ್ತು ದೇಶಗಳ ಬಂದರು ಸುತ್ತಿದ ಮನುಷ್ಯ ಒಂದು ನೋಟದಲ್ಲಿ ಹಿಡಿದುಬಿಡುತ್ತಾರೆ ಎಂದು ನನಗೆ ಅನಿಸಿತು. ನಿಶ್ಚಯಕ್ಕೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ, ಹೆದ್ದಾರಿಯ ಅಂಡರ್‌ಪಾಸ್ ದಾಟಿ ಅವನ ಮನೆಗೆ ಹೋದೆ.

"ಆ ಪೆಟ್ಟಿಗೆ ಅವರಿಗೆ ಕೊಡ್ಬೇಡ ಮಾರಾಯ," ಎಂದೆ.

"ಯಾಕೆ?"

"ಅದು ಡೂಪ್ಲಿಕೇಟ್ ಅಂತ ಕಾಣ್ತದೆ."

ಅವನು ಪೇಪರ್ ಮಡಚಿ ಕೆಳಗಿಟ್ಟ. "ಕಾಣ್ತದೆ ಅಂದ್ರೆ ಎಂತ? ಹೌದಾ ಅಲ್ವಾ, ಅದು ಹೇಳು."

"ಹೌದು. ಡೂಪ್ಲಿಕೇಟೇ."

ಅವನು ಒಳಗೆ ಹೋಗಿ ಪೆಟ್ಟಿಗೆ ತಂದು ನನ್ನ ಮುಂದೆ ಕುಕ್ಕಿದ. ನಾನು ಗಾಜಿನ ಮುಚ್ಚಳ ತೋರಿಸಿದೆ, ಸಾಲು ತಪ್ಪಿದ ಪಟ್ಟಿಗಳನ್ನು ತೋರಿಸಿದೆ. ಒಂದನ್ನು ಕೊಯ್ದು ತೋರಿಸಲಾ ಎಂದು ಕೇಳಿದೆ. ಅಸಲಿಯಲ್ಲಿರುವ ಉದ್ದ ಎಲೆ ಇದರೊಳಗೆ ಇರುವುದಿಲ್ಲ, ಚೂರು ಮಾತ್ರ ಇರುತ್ತದೆ ಎಂದೆ. ಅವನು ಪೆಟ್ಟಿಗೆಯ ಮೇಲೆ ಕೈ ಇಟ್ಟ.

"ಎರಡು ವರ್ಷ ಇಲ್ಲೇ ಕೂತು ತಲೆ ಆಡಿಸಿದ್ದು ಯಾರು? ನಾನಾ?"

"ನಿಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

"ಈಗ ಬೇಜಾರಾಗುದಿಲ್ವಾ? ಮಗಳ ನಿಶ್ಚಯಕ್ಕೆ ನಾಲ್ಕು ದಿನ ಇರುವಾಗ?"

ಅವನು ಅಲ್ಲಿಗೆ ಬಿಟ್ಟಿದ್ದರೆ ನಾನು ಎದ್ದು ಹೋಗುತ್ತಿದ್ದೆ.

"ನಿಂಗೆ ಹೊಟ್ಟೆಕಿಚ್ಚು," ಎಂದ. "ಅಷ್ಟು ವರ್ಷ ನಿಂತ್ಯಲ್ಲ, ಬರುವಾಗ ನಿಂಗೆ ಯಾರು ಎಂತ ಕೊಟ್ರು? ಬೀಡಿ ಕಟ್ಟುವವರ ಮನೆಯಲ್ಲಿ ಹುಟ್ಟಿದವ ನೀನು. ನಿಂಗೆ ಸಿಗಾರ್ ಅಂದ್ರೆ ಎಂತ ಅಂತ ಗೊತ್ತುಂಟು?"

ಆಗ ನಾನು ತುಂಬ ನಿಧಾನವಾಗಿ ಮಾತಾಡಿದೆ. "ಗೊತ್ತುಂಟು. ನಮ್ಮ ಕೌಂಟರಿಗೆ ದೊಡ್ಡ ದೊಡ್ಡವರು ಬರ್ತಿದ್ರು. ಇದೇ ಥರ ಕಾಣುವ ಡೂಪ್ಲಿಕೇಟ್ ಎಲ್ಲಿ ಸಿಗ್ತದೆ ಅಂತ ಗುಟ್ಟಿನಲ್ಲಿ ಕೇಳ್ತಿದ್ರು. ಯಾರಿಗೆ ಕೊಡ್ಲಿಕ್ಕೆ ಗೊತ್ತುಂಟಾ? ಊರಿಗೆ ಹೋಗುವ ಡ್ರೈವರುಗಳಿಗೆ."

ಅದು ಪೂರ್ತಿ ನಿಜವಲ್ಲ. ಹದಿನಾಲ್ಕು ವರ್ಷಗಳಲ್ಲಿ ಹಾಗೆ ಕೇಳಿದವನು ಒಬ್ಬನೇ. ಡ್ರೈವರಿಗೆ ಎಂದು ಅವನೂ ಹೇಳಿರಲಿಲ್ಲ, ಕೆಲಸದವನಿಗೆ ಎಂದಿದ್ದ. ನಾನು ಆ ಒಬ್ಬನನ್ನು ಹಲವರನ್ನಾಗಿ ಮಾಡಿದೆ. ಬೇಕೆಂದೇ ಮಾಡಿದೆ. ಅವನ ಮುಖ ಬಿಳಿಚಿಕೊಂಡದ್ದನ್ನು ನೋಡಿ ನನಗೆ ಸಮಾಧಾನವೂ ಆಯಿತು ಎಂದು ಈಗ ಒಪ್ಪಿಕೊಳ್ಳಬೇಕು. ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಹೋಗು," ಎಂದ ಅವನು. ನಾನು ಹೋದೆ.

ನಿಶ್ಚಯಕ್ಕೆ ಹೋಗುವುದು ಬೇಡವೆಂದಿದ್ದೆ. ಆ ಹುಡುಗಿ ನಮ್ಮ ಕಣ್ಣೆದುರು ಬೆಳೆದವಳು, ಅವಳೇನು ತಪ್ಪು ಮಾಡಿದ್ದಾಳೆ ಎಂದು ನನ್ನ ಹೆಂಡತಿ ಹಟ ಹಿಡಿದಳು. ಮಂಜೇಶ್ವರದ ಹಾಲ್ ಒಂದರಲ್ಲಿ ಕಾರ್ಯಕ್ರಮ. ಹಿಂದಿನ ಸಾಲಿನಲ್ಲಿ ಕೂತು ಊಟ ಮುಗಿಸಿ ಬರುವುದೆಂದು ಎಣಿಸಿಕೊಂಡಿದ್ದೆ. ಉಂಗುರ ಬದಲಾಯಿಸಿದ ಮೇಲೆ ಅವನು ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಯನ್ನು ಬೀಗರ ಕೈಗೆ ಕೊಟ್ಟು, ತಾನೇ ಕಾಗದ ಬಿಚ್ಚಿಸಿದ. ಆಮೇಲೆ ನನ್ನತ್ತ ತಿರುಗಿ ಕರೆದ.

"ಇಲ್ಲಿ ಬಾ ಮಾರಾಯ. ಇವ ದೋಹಾದಲ್ಲಿ ಸಿಗಾರ್ ಮಾರಿದವ, ಇವನಿಗೆ ಗೊತ್ತಿಲ್ಲದ್ದು ಇಲ್ಲ. ಹೇಳು ಇವರಿಗೆ, ಇದು ಎಂಥ ಸಿಗಾರ್ ಅಂತ."

ಎರಡೂ ಕಡೆಯ ನೆಂಟರು ಸುತ್ತ ನಿಂತಿದ್ದರು. ಹುಡುಗಿ ಹೂ ಮುಡಿದುಕೊಂಡು ನಗುತ್ತಿದ್ದಳು. ಅವನ ಕಣ್ಣಲ್ಲಿ ನಗುವಿರಲಿಲ್ಲ. ನಾನು ಎಂಥ ಸಂಕಟದಲ್ಲಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿಯೇ ಕರೆದದ್ದು.

"ಒಳ್ಳೆ ಸಿಗಾರ್," ಎಂದೆ. "ಕ್ಯೂಬಾದ್ದು."

"ಒರಿಜಿನಲ್ ಅಲ್ವಾ?"

"ಒರಿಜಿನಲ್."

ಬೀಗರು ಗಾಜಿನ ಮೇಲೆ ಬೆರಳಾಡಿಸಿದರು, ನನ್ನನ್ನು ಒಮ್ಮೆ ನೋಡಿದರು, ಥ್ಯಾಂಕ್ಸ್ ಹೇಳಿ ಪೆಟ್ಟಿಗೆಯನ್ನು ತಮ್ಮ ಹೆಂಡತಿಯ ಕೈಗೆ ದಾಟಿಸಿದರು. ಊಟವಾದ ಮೇಲೆ ಕೈ ತೊಳೆಯುವಲ್ಲಿ ಅವರು ನನ್ನ ಪಕ್ಕಕ್ಕೆ ಬಂದರು.

"ನೀವು ನಿಜವಾಗಿ ದೋಹಾದಲ್ಲಿ ಸಿಗಾರೇ ಮಾರಿದ್ದಾ?"

"ಹೌದು."

"ಹಾಗಾದ್ರೆ ನಿಮಗೆ ಗೊತ್ತಿರ್ಬೇಕು," ಎಂದು ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಹೋದರು. ಅವರ ದೃಷ್ಟಿಯಲ್ಲಿ ನನ್ನ ಸ್ನೇಹಿತ ಮೋಸ ಹೋದ ಪಾಪದ ಮನುಷ್ಯ. ಮೋಸ ಮಾಡಿದವನು ನಾನು. ಆ ಪೆಟ್ಟಿಗೆಯನ್ನು ಅವನಿಗೆ ಮಾರಿದವನೇ ನಾನೆಂದು ಅವರು ತಿಳಿದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಹಾಲಿನ ಹೊರಗೆ, ಕಾರುಗಳು ನಿಂತಿದ್ದ ಕಡೆ, ಅವನು ನನಗಾಗಿ ಕಾಯುತ್ತಿದ್ದ.

"ಈಗ ಹೇಳು. ಮೊನ್ನೆ ಹೇಳಿದ್ದು ಸುಳ್ಳಾ, ಇವತ್ತು ಹೇಳಿದ್ದು ಸುಳ್ಳಾ?"

"ಇವತ್ತು ಹೇಳಿದ್ದು."

"ಇಷ್ಟು ಜನ ಕೇಳಿದ್ದು ಇವತ್ತಿನದ್ದನ್ನೇ," ಎಂದ. ದನಿ ಏರಿಸಲಿಲ್ಲ. "ಇನ್ನು ನನ್ನ ಮನೆಗೆ ಬರ್ಬೇಡ."

ಮರಳಿ ಬರುವಾಗ ಬಸ್ಸಿನಲ್ಲಿ ಹೆಂಡತಿ ಏನಾಯಿತೆಂದು ಕೇಳಿದಳು. ಹೇಳಿದೆ. "ನೀವು ಹೇಳಿದ್ದು ಅವರ ಒಳ್ಳೇದಕ್ಕಾ?" ಎಂದು ಕೇಳಿದಳು. ಆ ದಿನ ಬೆಳಿಗ್ಗೆ ಅಂಡರ್‌ಪಾಸ್ ದಾಟುವಾಗ ಹೌದು, ಅವನ ಮನೆಯಿಂದ ಎದ್ದು ಬರುವಾಗ ಅಲ್ಲ ಎಂದು ಹೇಳಬೇಕೆಂದುಕೊಂಡೆ. ಕಂಡಕ್ಟರ್ ಕೊಟ್ಟ ಚಿಲ್ಲರೆ ಎಣಿಸತೊಡಗಿದೆ.

ಒಂದು ತಿಂಗಳೊಳಗೆ ಪೇಟೆಯಲ್ಲಿ ಮಾತು ಹರಡಿತು. ನಾನು ಅವನ ಮಗಳ ಸಂಬಂಧ ಮುರಿಯಲು ನೋಡಿದೆನಂತೆ. ದೋಹಾದ ಕೆಲಸದಿಂದ ನನ್ನನ್ನು ಓಡಿಸಿದ್ದಂತೆ. ಎರಡನೆಯದನ್ನು ಕ್ಷೌರದಂಗಡಿಯಲ್ಲಿ ನನ್ನ ಎದುರಿಗೇ ಒಬ್ಬರು ಕೇಳಿದರು. ನಾನೂ ಬಿಡಲಿಲ್ಲ. ಸಿಕ್ಕಿದವರಿಗೆಲ್ಲ ಗಾಜಿನ ಮುಚ್ಚಳದ ವಿಷಯ ವಿವರಿಸಿದೆ. ಯಾರಿಗೂ ಅದು ಬೇಕಾಗಿರಲಿಲ್ಲ. ಎರಡು ವರ್ಷ ಒರಿಜಿನಲ್ ಅಂದದ್ದು ನೀವೇ ಅಲ್ವಾ ಎಂದು ಕೇಳುತ್ತಿದ್ದರು.

ಮದುವೆಗೆ ನಮಗೆ ಕರೆ ಬರಲಿಲ್ಲ. ಅದಾಗಿ ಕೆಲವು ವಾರಗಳಿಗೆ ಮೀನಿನ ಗಾಡಿಯ ಹತ್ತಿರ ಅವನ ಹೆಂಡತಿ ಸಿಕ್ಕಿದರು. ಮೊದಲೆಲ್ಲ ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದವರು. ಅಂದು ಅಣ್ಣ ಎನ್ನಲಿಲ್ಲ.

"ಅವರು ಈಗ ಮಸ್ಕತ್ತಿನ ಸುದ್ದಿಯೇ ತೆಗೆಯುದಿಲ್ಲ," ಎಂದರು. "ಹಬ್ಬಕ್ಕೆ ಯಜಮಾನರಿಗೆ ಫೋನ್ ಮಾಡುವ ಕ್ರಮ ಉಂಟು. ಈ ಸಲ ಮಾಡ್ಲಿಲ್ಲ. ನಿಮಗೆ ಅಷ್ಟು ಗೊತ್ತಿರ್ಲಿ." ಬಂಗುಡೆ ತುಂಬಿದ ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ನಡೆದರು.

ಈಚೆಗೆ ವಿಲೇಜ್ ಆಫೀಸಿನಲ್ಲಿ ಅವನನ್ನು ಕಂಡೆ. ನಾನು ಒಂದು ಸರ್ಟಿಫಿಕೇಟಿಗೆ ಕಾಯುತ್ತ ಬೆಂಚಿನಲ್ಲಿ ಕೂತಿದ್ದೆ. ಅವನು ತನ್ನ ಅರ್ಜಿ ಕೊಟ್ಟ. ಊರಿನಲ್ಲಿ ನಿಮ್ಮನ್ನು ತಿಳಿದವರು ಇಬ್ಬರು ಸಾಕ್ಷಿ ಹಾಕಬೇಕು ಎಂದು ಗುಮಾಸ್ತರು ಮಲಯಾಳದಲ್ಲಿ ಹೇಳಿದರು. ಅವನ ಜೊತೆ ಬಂದಿದ್ದ ಸಂಬಂಧಿಕ ಒಂದು ಸಹಿ ಹಾಕಿದ. ಇನ್ನೊಂದು ಬಾಕಿ. ಐದನೇ ವಯಸ್ಸಿನಿಂದ ಅವನನ್ನು ತಿಳಿದ ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವನು ನನ್ನನ್ನು ನೋಡಿದ. ನಾನೂ ನೋಡಿದೆ, ಏಳಲಿಲ್ಲ. ಅವನು ಕಾಗದ ಹಿಡಿದುಕೊಂಡು ಹೊರಗೆ ಹೋಗಿ, ಎದುರಿನ ಹೋಟೆಲಿನಿಂದ ಯಾರೋ ಒಬ್ಬರನ್ನು ಕರೆತಂದು ಸಹಿ ಹಾಕಿಸಿದ.