ಎಂಟನೇ ತರಗತಿಗೆ ಸಿಗದ ಕೋಣೆ

ಎಪ್ಪತ್ತರ ದಶಕದ ಆರಂಭ. ಬಾಪೂಜಿ ನಗರದ ಬಳಿ, ನಗರಾಡಳಿತ ನಡೆಸುತ್ತಿದ್ದ ಒಂದು ಪ್ರಾಥಮಿಕ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದೆ. ಅಲ್ಲಿ ಏಳನೇ ತರಗತಿಯವರೆಗೆ ಮಾತ್ರ ಇತ್ತು. ಹೈಸ್ಕೂಲಿಗೆ ಮೈಸೂರು ರಸ್ತೆ ದಾಟಿ ದೂರ ನಡೆಯಬೇಕಾದ್ದರಿಂದ, ಏಳು ಪಾಸಾದ ಹುಡುಗಿಯರ ಓದನ್ನು ಮನೆಯವರು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಆ ವರ್ಷ ಅಂಥ ಹನ್ನೊಂದು ಹುಡುಗಿಯರಿದ್ದರು. ಎಂಟನೇ ತರಗತಿ ತೆರೆಯಲು ಒಂದು ಕೋಣೆ, ಒಬ್ಬ ಶಿಕ್ಷಕಿ ಬೇಕೆಂದು ನಗರಾಡಳಿತಕ್ಕೆ ಪ್ರಸ್ತಾವ ಕಳುಹಿಸಿದೆ.

ಅವರಲ್ಲಿ ಪುಟ್ಟಲಕ್ಷ್ಮಿ ಎಂಬವಳು ಲೆಕ್ಕದಲ್ಲಿ ನನಗಿಂತ ಚುರುಕು. ಅವಳ ತಾಯಿ ಗೌರಮ್ಮ ಮನೆಗೆಲಸ ಮಾಡುತ್ತಿದ್ದರು.

"ಎಂಟನೇ ಕ್ಲಾಸು ಇಲ್ಲೇ ಆದ್ರೆ ಓದಿಸ್ತೀನಿ ಮೇಷ್ಟ್ರಮ್ಮಾ. ನಿಮ್ಮ ಮಾತಿನ ಮೇಲೆ ಅವಳ ಮದುವೆ ಮಾತು ನಿಲ್ಲಿಸಿದೀನಿ" ಅಂದಿದ್ದರು.

ಪ್ರಸ್ತಾವ ಸಭೆಯ ಮುಂದೆ ಬರುವ ಮೊದಲು ನಮ್ಮ ವಾರ್ಡಿನ ಸದಸ್ಯರು ಶಾಲೆಗೆ ಬಂದರು. ಒರಟು ಮನುಷ್ಯರಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು, ಮಕ್ಕಳಿಂದ ಮಗ್ಗಿ ಹೇಳಿಸಿ ಕೇಳಿದರು. ಆಮೇಲೆ ನನ್ನ ಮೇಜಿನೆದುರು ಕೂತರು.

"ನೋಡಿ ಮೇಡಂ, ಶಾಲೆ ಸರ್ಕಾರದ ಕೆಲಸ. ಊರಿನ ತೆರಿಗೆ ದುಡ್ಡು ನೀರಿಗೆ, ಮೋರಿಗೆ. ಹಿಂದಿನ ಬೀದೀಲಿ ವಾಂತಿಭೇದಿ ಬಂದು ಎರಡು ಮಕ್ಕಳು ಹೋದ್ವು. ಮೊದಲು ಉಳೀಲಿ, ಆಮೇಲೆ ಓದ್ಲಿ. ಅಲ್ವಾ?"

ಆ ಮಕ್ಕಳಲ್ಲಿ ಒಂದು ನಮ್ಮ ಒಂದನೇ ತರಗತಿಯದು. ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮೇಲೆ ಗೆರೆ ಎಳೆದವಳು ನಾನೇ.

"ಎರಡೂ ಬೇಕು ಸಾರ್" ಅಂದೆ.

"ಎರಡಕ್ಕೂ ದುಡ್ಡಿಲ್ಲ. ಸದ್ಯಕ್ಕೆ ಕೋಣೆ ಬೇಡ ಅಂತ ನೀವೇ ಬರೆದುಕೊಡಿ, ಈ ಸಲ ಮೋರಿ ಆಗ್ಲಿ. ಮುಂದಿನ ವರ್ಷ ಮೊದಲನೇ ಹೆಸರು ನಿಮ್ಮ ಶಾಲೇದೇ."

ಬರೆದುಕೊಟ್ಟೆ. ಅವರು ಮೋಸ ಮಾಡಲು ಬಂದಿದ್ದರೆಂದು ಇಂದಿಗೂ ಅನಿಸುವುದಿಲ್ಲ. ನಂಬಿದ್ದನ್ನೇ ಹೇಳಿದರು.

ಮೋರಿಗೆಂದು ಕಲ್ಲುಚಪ್ಪಡಿ ಬಂದು ಬಿತ್ತು. ಅಗೆತ ಅರ್ಧ ಬೀದಿಗೇ ನಿಂತಿತು. ಉಳಿದ ಹಣ ಬೇರೊಂದು ಬಡಾವಣೆಯ ರಸ್ತೆಗೆ ಹೋಯಿತೆಂದರು. ಅಷ್ಟರಲ್ಲಿ ಸದಸ್ಯರ ಅವಧಿ ಮುಗಿದಿತ್ತು. ಮರುವರ್ಷ ನಾನು ಕಳುಹಿಸಿದ ಪ್ರಸ್ತಾವ ಒಂದೇ ಸಾಲಿನ ಷರಾ ಹೊತ್ತು ವಾಪಸಾಯಿತು: ಅಗತ್ಯವಿಲ್ಲವೆಂದು ಮುಖ್ಯೋಪಾಧ್ಯಾಯಿನಿಯವರೇ ತಿಳಿಸಿದ್ದಾರೆ. ಕಚೇರಿಗೆ ಓಡಿದೆ.

"ಆಗ ಬೇಡ ಅಂದ್ರಿ, ಈಗ ಬೇಕು ಅಂತೀರಿ. ನಾವು ಯಾವುದನ್ನ ನಂಬೋದು ಮೇಡಂ?" ಎಂದರು ಗುಮಾಸ್ತರು.

ಹನ್ನೊಂದು ಹುಡುಗಿಯರಲ್ಲಿ ಒಬ್ಬಳೂ ಮುಂದೆ ಓದಲಿಲ್ಲ. ಗೌರಮ್ಮ ಮಗಳ ಲಗ್ನಪತ್ರಿಕೆ ಹಿಡಿದು ಬಂದರು.

"ಬೇಡ ಅಂತ ನೀವೇ ಬರೆದ್ರಂತೆ. ನಿಜವಾ ಮೇಷ್ಟ್ರಮ್ಮಾ?"

"ನಿಜ" ಎಂದೆ.

ಅವರು ಬೈಯಲಿಲ್ಲ. ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು, "ಮದುವೆಗೆ ಬನ್ನಿ" ಎಂದು ಹೊರಟುಹೋದರು. ನಾನು ಹೋಗಲಿಲ್ಲ. ಆ ಹುಡುಗಿಗೆ ತೋರಿಸಲು ನನಗೆ ಮುಖವಿರಲಿಲ್ಲ.

ಆಮೇಲೂ ಬಹಳ ವರ್ಷ ಕೆಲಸ ಮಾಡಿದೆ. ಮಕ್ಕಳಿಗೆ ಬೇಕಾದದ್ದನ್ನು ಬೇಕೆಂದೇ ಬರೆದೆ. ಬಂದದ್ದು ತೀರಾ ಕಡಿಮೆ. ಕೇಳಿದರೆ ಸಿಗುತ್ತದೆಂಬ ನಂಬಿಕೆ ಈ ವೃತ್ತಿಯಲ್ಲಿ ನನಗೆ ಬರಲೇ ಇಲ್ಲ. ಇಲ್ಲ ಎನ್ನುವವರು ಅದನ್ನು ತಮ್ಮ ಕೈಯಾರೆ ಬರೆಯಲಿ, ಅವರ ಪರವಾಗಿ ನಾವು ಬರೆದುಕೊಡಬಾರದು. ಕಲಿತದ್ದು ಇಷ್ಟೇ, ಅದೂ ತಡವಾಗಿ.