ಹನುಮಂತರಾಜು ಸಾಹೇಬರ ಸೈರನ್ನು

ಹನುಮಂತರಾಜು ಅವರು ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಈ ಸುದ್ದಿ ಊರಿಗೆಲ್ಲ ಗೊತ್ತು, ಅವರಿಗೆ ಮಾತ್ರ ಇನ್ನೂ ತಲುಪಿಲ್ಲ. ತುಮಕೂರಿನಲ್ಲಿ ಮೂವತ್ತೆರಡು ವರ್ಷ ಪೊಲೀಸ್ ವೈರ್‌ಲೆಸ್ ಸೆಟ್ಟುಗಳನ್ನು ರಿಪೇರಿ ಮಾಡಿ, ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಇರುವ ಸ್ವಂತ ಊರು ಕೋಡಿಪಾಳ್ಯಕ್ಕೆ ಬಂದು ನೆಲೆಸಿದ ಮೇಲೂ, ಹೆಂಡತಿ ಊಟಕ್ಕೆ ಕರೆದರೆ ವೈರ್‌ಲೆಸ್ಸಿನವರ ಭಾಷೆಯಲ್ಲಿ ಸುದ್ದಿ ಮುಟ್ಟಿತು ಎನ್ನುವ ‘ರೋಜರ್’ ಎಂದೇ ಉತ್ತರ. ಈ ರೋಜರ್ ಯಾರು ಎಂದು ಆಕೆ ಮೊದಲ ವರ್ಷ ಕೇಳಿದರು. ಅವನಿಗೆ ತಟ್ಟೆ ಹಾಕಬೇಕಾಗಿಲ್ಲ ಎಂದು ಖಾತ್ರಿಯಾದ ಮೇಲೆ ಸುಮ್ಮನಾದರು.

ಊರಿನ ಕೆರೆ ಎರಡೂವರೆ ಕಿಲೋಮೀಟರು ಮೇಲಕ್ಕಿದೆ. ಕೆರೆ ತುಂಬಿ ಕೋಡಿ ಬಿದ್ದರೆ ಊರು ನೀರನ್ನು ನೋಡಲು ಹೋಗುತ್ತದೆ. ಕೋಡಿ ಮಿತಿಮೀರಿ ಹರಿದರೆ ನೀರೇ ಊರನ್ನು ನೋಡಲು ಬರುತ್ತದೆ. ಮೂರು ವರ್ಷದ ಹಿಂದೆ ಹಾಗೆ ಬಂದು ಕೆಳಗಿನ ಬೀದಿಯ ಮನೆಗಳಲ್ಲಿ ಮಂಡಿಯುದ್ದ ನಿಂತಿತ್ತು. ಕಲ್ಲಮ್ಮನವರ ಕರು ಕಟ್ಟಿದ ಗೂಟದಲ್ಲೇ ಸತ್ತಿತು. ಕೆರೆ ಕಾಯುವ ನೀರುಗಂಟಿ ಓಬಳಯ್ಯ ಏರಿಯ ಮೇಲೆ ನಿಂತು ಅರ್ಧ ಗಂಟೆ ಫೋನು ಒತ್ತಿದ್ದರು. ಆದರೆ ನಮ್ಮ ಕಡೆ ಕರೆಂಟು ಹೋದ ಹತ್ತು ನಿಮಿಷಕ್ಕೆ ಮೊಬೈಲ್ ಟವರೂ ಮಲಗುತ್ತದೆ.

ಆಗ ಪಂಚಾಯ್ತಿ ಅಧ್ಯಕ್ಷ ಚನ್ನಬಸವಯ್ಯನವರು, ಗುಬ್ಬಿಯ ಹತ್ತಿರ ಮುಚ್ಚಿಹೋಗಿದ್ದ ಒಂದು ತೆಂಗಿನನಾರಿನ ಕಾರ್ಖಾನೆಯ ಸೈರನ್ನು ತರಿಸಿ ಹಾಲಿನ ಡೈರಿಯ ಮೇಲೆ ಕೂರಿಸಿದರು. ಡೈರಿ ಊರಿನ ದಿಣ್ಣೆಯ ಮೇಲಿದೆ, ಕರೆಂಟು ಹೋದರೆ ಅಲ್ಲಿ ಜನರೇಟರ್ ಇದೆ. ಕೆರೆಯಿಂದಲೇ ಸೈರನ್ನು ಕೂಗಿಸುವ ಏರ್ಪಾಟು ಮಾತ್ರ ಬಾಕಿ. ಹನುಮಂತರಾಜು ಅವರು, ಯಾರೂ ಕೇಳುವ ಮೊದಲೇ, ಆ ಹೊಣೆಯನ್ನು ತಾವು ಸ್ವೀಕರಿಸಿರುವುದಾಗಿ ಘೋಷಿಸಿದರು.

ಕಲ್ಲಮ್ಮ ಅವರನ್ನು ಬೀದಿಯಲ್ಲೇ ನಿಲ್ಲಿಸಿ ಹೇಳಿದರು: “ರಾಜಣ್ಣ, ನಿನ್ನ ಮಿಶೀನಿನ ಪುರಾಣ ನಂಗೆ ಬ್ಯಾಡ. ನೀರು ಬರೋಕ್ ಮುಂಚೆ ನಂಗೆ ಗೊತ್ತಾಗ್ಬೇಕು. ಅಷ್ಟು ಮಾಡ್ಕೊಡಪ್ಪ ಸಾಕು.”

ಮೊದಲ ಪ್ರಯತ್ನ, ತೋಟದ ಬೋರ್‌ವೆಲ್ಲಿಗೆ ಹಾಕುವ ಮೊಬೈಲ್ ಸ್ಟಾರ್ಟರು. ಮಿಸ್ಡ್ ಕಾಲ್ ಕೊಟ್ಟರೆ ಮೋಟರಿನ ಬದಲು ಸೈರನ್ನು. ಟವರು ಮಲಗಿದರೆ ಇದೂ ಮಲಗುತ್ತದೆ ಎಂಬುದನ್ನು ಊರಿನ ಐದನೇ ಕ್ಲಾಸಿನ ಮಕ್ಕಳು ಕೂಡ ಎತ್ತಿ ತೋರಿಸಿದರು. ಆದರೆ ಅದಕ್ಕೆ ಮೊದಲೇ ಬೇರೆ ತೊಂದರೆ ಬಂತು. ಉದ್ಘಾಟನೆಯ ದಿನ ಚನ್ನಬಸವಯ್ಯನವರು ಭಾಷಣದ ಮಧ್ಯೆ ಇದ್ದಾಗ ಯಾವುದೋ ಕಂಪನಿಯವರು ಆ ಸಿಮ್ಮಿಗೆ ಫೋನು ಮಾಡಿ ಕಾಲರ್ ಟ್ಯೂನ್ ಬೇಕೇ ಎಂದು ವಿಚಾರಿಸಿದರು. ಸೈರನ್ನು ಬೇಕೆಂದೇ ಕೂಗಿತು.

ಎರಡನೆಯದು, ಲೈಸೆನ್ಸು ಬೇಡದ ಎರಡು ಪುಟ್ಟ ವಾಕಿಟಾಕಿ. ಒಂದು ಓಬಳಯ್ಯನವರ ಕೈಯಲ್ಲಿ, ಒಂದು ಡೈರಿಯಲ್ಲಿ. ಓಬಳಯ್ಯ ಗುಂಡಿ ಒತ್ತಿ ಮಾತಾಡಿದರೆ ಡೈರಿಯ ಸೆಟ್ಟಿಗೆ ದನಿ ಬಂದು ಸೈರನ್ನು ಶುರು. ಚೆನ್ನಾಗಿಯೇ ಇತ್ತು. ಆದರೆ ಹೆದ್ದಾರಿಯ ಹೊಸ ಕಲ್ಯಾಣಮಂಟಪದಲ್ಲಿ ಕಾರು ನಿಲ್ಲಿಸುವ ಹುಡುಗರ ಹತ್ತಿರವೂ ಅಂಥದೇ ಸೆಟ್ಟುಗಳಿದ್ದವು. ಇನ್ನೋವಾ ಹಿಂದಕ್ಕೆ ತಗೊಳ್ಳಿ ಎಂದು ಅಲ್ಲಿ ಹೇಳಿದರೆ ಇಲ್ಲಿ ಪ್ರವಾಹದ ಎಚ್ಚರಿಕೆ. ಆ ಶ್ರಾವಣದಲ್ಲಿ ಕೋಡಿಪಾಳ್ಯದ ಜನ ಸೈರನ್ನು ಕೇಳಿದೊಡನೆ ಮುಹೂರ್ತ ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕತೊಡಗಿದರು.

ಇನ್ನೊಂದು ಸಲ ಸುಮ್ಮಸುಮ್ಮನೆ ಕೂಗಿದರೆ ಸೈರನ್ನು ಇಳಿಸಿಬಿಡುವುದೆಂದು ಪಂಚಾಯ್ತಿ ನಿರ್ಣಯ ಮಾಡಿತು. ಕಲ್ಲಮ್ಮ ಮಳೆ ಕಂಡ ರಾತ್ರಿಯೆಲ್ಲ ಹಸುವಿನ ಹಗ್ಗ ಬಿಚ್ಚಿಟ್ಟು ಜಗಲಿಯ ಮೇಲೆ ಕೂರತೊಡಗಿದರು. ಅದನ್ನು ನೋಡಿದ ಮೇಲೆ ಹನುಮಂತರಾಜು ಅವರು ಒಂದು ತಿಂಗಳು ಭಾಷಣ ನಿಲ್ಲಿಸಿ ಕೆಲಸ ಮಾಡಿದರು.

ಮೂರನೆಯದು ಹೀಗಿತ್ತು. ಓಬಳಯ್ಯನವರ ಸೆಟ್ಟಿನಲ್ಲಿ ನಾಲ್ಕು ಅಂಕಿ ಒತ್ತಬೇಕು. ಒಂದೊಂದಕ್ಕೂ ಒಂದೊಂದು ಸ್ವರ. ಅದೇ ನಾಲ್ಕು ಸ್ವರ, ಅದೇ ಕ್ರಮದಲ್ಲಿ, ಹತ್ತು ಸೆಕೆಂಡಿನೊಳಗೆ ಎರಡು ಸಲ ಕೇಳಿಸಿದರೆ ಮಾತ್ರ ಸೈರನ್ನು ಬಾಯಿ ಬಿಡುತ್ತದೆ. ಇನ್ನೋವಾ ಎಷ್ಟು ಹಿಂದೆ ಹೋದರೂ ಚಿಂತೆಯಿಲ್ಲ. ಕೂಗು ಶುರುವಾದೊಡನೆ ಡೈರಿಯ ಸೆಟ್ಟು ತಿರುಗಿ ಪೀಂ ಎನ್ನುತ್ತದೆ, ಕೆರೆಯ ಮೇಲಿರುವವರಿಗೆ ಸುದ್ದಿ ಮುಟ್ಟಿತೆಂದು ಗೊತ್ತಾಗುತ್ತದೆ. ಜನರೇಟರ್ ನಂಬದೆ ಕುಣಿಗಲ್ಲಿನಿಂದ ಒಂದು ಲಾರಿ ಬ್ಯಾಟರಿಯನ್ನೂ ತಂದು ಜೋಡಿಸಿದರು. ಗುಟ್ಟಿನ ಅಂಕಿ 4173. ಅದು ಹನುಮಂತರಾಜು ಅವರ ಸರ್ವಿಸ್ ನಂಬರಿನ ಕೊನೆಯ ನಾಲ್ಕು ಅಂಕಿಯೆಂದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಅವರೇ ಹೇಳಿದ್ದರು.

ದಿನಾ ಪರೀಕ್ಷೆ ಮಾಡದ ಸೆಟ್ಟು ಸೆಟ್ಟೇ ಅಲ್ಲ ಎಂಬುದು ಅವರು ಮೂವತ್ತೆರಡು ವರ್ಷದಲ್ಲಿ ಕಲಿತ ಪಾಠ. ಹಾಗಾಗಿ ಬೆಳಿಗ್ಗೆ ಆರೂವರೆಗೆ, ಸಂಜೆ ಐದೂವರೆಗೆ ಓಬಳಯ್ಯ ಏರಿಯ ಮೇಲಿಂದ ಪರೀಕ್ಷೆಗೆಂದೇ ಇಟ್ಟ ಬೇರೆ ಅಂಕಿ ಒತ್ತಬೇಕು, ಮೂರು ಸೆಕೆಂಡು ಕೂಗು. ನಿಜವಾದ ಅಪಾಯಕ್ಕೆ 4173, ಬಿಡದೆ ಎರಡು ನಿಮಿಷ.

ಡೈರಿಗೆ ಹಾಲು ಹಾಕುವ ಹೊತ್ತೂ ಹೆಚ್ಚುಕಡಿಮೆ ಅದೇ. ತಿಂಗಳೊಳಗೆ ಊರು ಗಡಿಯಾರ ನೋಡುವುದನ್ನು ಬಿಟ್ಟಿತು. ಸೈರನ್ನು ಕೂಗಿದರೆ ಕೆಚ್ಚಲು ತೊಳೆಯುವುದು, ಕರೆಯುವುದು, ಕ್ಯಾನು ಹಿಡಿದು ದಿಣ್ಣೆ ಹತ್ತುವುದು. ಹಸುಗಳು ಕೂಡ ಕೂಗು ಕೇಳಿ ಎದ್ದು ನಿಲ್ಲುತ್ತವೆ ಎಂದು ಡೈರಿ ಕಾರ್ಯದರ್ಶಿ ಸುಶ್ಮಿತಾ ಸಂತೋಷದಿಂದ ವರದಿ ಮಾಡಿದಾಗ ಹನುಮಂತರಾಜು ಅವರಿಗೆ ಅವಮಾನವಾಯಿತು. ‘ಇದು ಹಾಲಿನ ಸೈರನ್ ಅಲ್ಲ’ ಎಂದು ಕೆಂಪಕ್ಷರದ ಬೋರ್ಡು ಬರೆಸಿ ಡೈರಿಯ ಗೋಡೆಗೆ ಹೊಡೆಸಿದರು. ಜನ ಅದರ ಮೊಳೆಗೆ ಕ್ಯಾನಿನ ಮುಚ್ಚಳ ನೇತುಹಾಕಿದರು.

ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ, ಮೂರು ದಿನದ ಮಳೆಯ ಮೇಲೆ ಇನ್ನೊಂದು ಮಳೆ ಹೊಯ್ಯುತ್ತಿರುವಾಗ, ಕೋಡಿಯ ನೀರು ಗುರುತಿನ ಕಲ್ಲನ್ನು ದಾಟಿತು. ಕರೆಂಟು ಇರಲಿಲ್ಲ, ಟವರು ಇರಲಿಲ್ಲ. ಓಬಳಯ್ಯ ಕಂಬಳಿಯೊಳಗೆ ಸೆಟ್ಟು ಹಿಡಿದು 4173 ಒತ್ತಿದರು, ಮತ್ತೆ ಒತ್ತಿದರು. ಪೀಂ ಎಂದಿತು. ಮೂರೂವರೆಗೆ ಸರಿಯಾಗಿ ಸೈರನ್ನು ಶುರುವಾಗಿ ಎರಡು ನಿಮಿಷ ಬಿಡದೆ ಕೂಗಿತು.

ಇದು ನಿಜವಾದ ಕೂಗು ಎಂದು ಇಡೀ ಊರಿನಲ್ಲಿ ತಿಳಿದುಕೊಂಡವರು ಒಬ್ಬರೇ. ಅವರು ತಕ್ಷಣ ಸಮಯವನ್ನು ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿ, ಬೂಟು ಹುಡುಕಿ, ಲೇಸು ಕಟ್ಟಿ, ಸೀಟಿ ಊದುತ್ತ ಕೆಳಗಿನ ಬೀದಿಗೆ ಓಡಿದರು. ಮನೆಮನೆಯ ಬಾಗಿಲು ಬಡಿದರು. ಯಾರೂ ಇರಲಿಲ್ಲ. ಕೊಟ್ಟಿಗೆಗಳೂ ಖಾಲಿ. ನೀರು ಅವರ ಬೂಟಿನೊಳಗೆ ಬಂತು, ಆಮೇಲೆ ಮಂಡಿಗೆ ಬಂತು. ಅಲ್ಲಿಂದ ದಿಣ್ಣೆಗೆ ಹೇಗೆ ಹತ್ತಿದರೋ, ಹತ್ತಿ ನೋಡಿದರೆ ಡೈರಿಯ ಮುಂದೆ ಕೆಳಗಿನ ಬೀದಿ ಪೂರ್ತಿ ಸಾಲಿನಲ್ಲಿ ನಿಂತಿದೆ. ತಲೆಯ ಮೇಲೆ ಗೋಣಿಚೀಲ, ಕೈಯಲ್ಲಿ ಕ್ಯಾನು, ಮುಖದ ಮೇಲೆ ಸಿಟ್ಟು.

ಮಳೆಗೆ ರಸ್ತೆ ಕೆಟ್ಟೀತೆಂದು ಹಾಲಿನ ವ್ಯಾನು ಬೇಗ ಬರುತ್ತಿದೆ, ಅದಕ್ಕೇ ಇಷ್ಟುದ್ದ ಕೂಗಿಸಿದ್ದಾರೆ ಎಂದು ಎಲ್ಲರೂ ಲೆಕ್ಕ ಹಾಕಿದ್ದರು. ಹೊತ್ತಲ್ಲದ ಹೊತ್ತಿಗೆ ಹಸುಗಳು ಸೊರೆ ಬಿಟ್ಟು ಕೆಚ್ಚಲಿಗೆ ಹಾಲು ಇಳಿಸಿರಲಿಲ್ಲ. ಹಾಗಾಗಿ ಎಲ್ಲರೂ ಡೈರಿಯ ಹತ್ತಿರವೇ ಕರೆದರಾಯಿತೆಂದು ಹಸುವನ್ನೇ ಹೊಡೆದುಕೊಂಡು ಬಂದಿದ್ದರು. ಕಲ್ಲಮ್ಮ ಹಸುವಿನ ಜೊತೆ ಹೊಸ ಕರುವನ್ನೂ ತಂದಿದ್ದರು, ಕರು ಬಿಡದೆ ಅದು ಕೊಡುವುದಿಲ್ಲ.

“ಏನಪ್ಪ ರಾಜಣ್ಣ, ಮೂರೂವರೆಗೆಲ್ಲ ಕೂಗುಸ್ತೀಯಲ್ಲ? ಹಸೂಗೇನು ನೀನು ಪೆನ್ಷನ್ ಕೊಡ್ತೀಯಾ?”

ಹನುಮಂತರಾಜು ಅವರಿಗೆ ಉಸಿರು ಇರಲಿಲ್ಲ. ಕೈ ಮಾತ್ರ ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ಕೆಳಗಿನ ಬೀದಿಯಲ್ಲಿ ಕೆಂಪು ನೀರು ಬಾಗಿಲಿಂದ ಬಾಗಿಲಿಗೆ ಹೋಗುತ್ತಿತ್ತು, ಕಲ್ಲಮ್ಮನವರ ಕೊಟ್ಟಿಗೆಯ ಗೂಟದ ತುದಿಯಷ್ಟೇ ಕಾಣುತ್ತಿತ್ತು. ಕಲ್ಲಮ್ಮ ಕರುವಿನ ಕತ್ತಿಗೆ ಕೈ ಹಾಕಿ ಹಾಗೇ ನಿಂತರು.

ಆಮೇಲೆ ಅಂದರು, “ಬುಡು. ಹೊತ್ತಿಗೆ ಸರಿಯಾಗೇ ಕೂಗಿಸಿದ್ದೀಯ.”

ಮುಂದಿನ ವಾರದ ಸಭೆಯಲ್ಲಿ ಚನ್ನಬಸವಯ್ಯನವರು ಗ್ರಾಮಸ್ಥರ ಅಭೂತಪೂರ್ವ ಜಾಗೃತಿಯನ್ನು ನಲವತ್ತು ನಿಮಿಷ ಹೊಗಳಿದರು. ಹನುಮಂತರಾಜು ಅವರ ರಿಜಿಸ್ಟರಿನಲ್ಲಿ ‘ಜನರೆಲ್ಲ ಹದಿನಾಲ್ಕು ನಿಮಿಷದಲ್ಲಿ ಸುರಕ್ಷಿತ ಸ್ಥಳ ತಲುಪಿದರು’ ಎಂದಿದೆ. ಯಾಕೆ ಎನ್ನುವ ಕಾಲಂ ಅದರಲ್ಲಿಲ್ಲ. ಎಲ್ಲರಿಗಿಂತ ಕೊನೆಗೆ ತಲುಪಿದವರ ಹೆಸರೂ ಇಲ್ಲ.

ಆದರೆ ಬೋರ್ಡನ್ನು ಅವರೇ ಬಿಚ್ಚಿದರು. ಮೊಳೆಯನ್ನು ಮುಚ್ಚಳಕ್ಕೆಂದು ಬಿಟ್ಟರು. ಈಗ ದಿನಾ ಬೆಳಿಗ್ಗೆ ಕೂಗು ಕೇಳಿದ ಮೇಲೆ ತಾವೂ ಒಂದು ಚೊಂಬು ಹಿಡಿದು, ಬೂಟಿಲ್ಲದೆ, ಡೈರಿಯ ಸಾಲಿನಲ್ಲಿ ನಿಲ್ಲುತ್ತಾರೆ. ಹಸು ಇಲ್ಲದವರು ಯಾಕೆ ಬರುತ್ತೀರಿ ಅಂಕಲ್ ಎಂದು ಸುಶ್ಮಿತಾ ಕೇಳಿದ್ದಕ್ಕೆ, ಇದು ಅಭ್ಯಾಸ, ಎಲ್ಲರೂ ಮಾಡಬೇಕು ಎಂದರಂತೆ.

ಮೊನ್ನೆ ಓಬಳಯ್ಯನವರಿಗೆ ನೆಗಡಿಯಾಗಿ ಏರಿಗೆ ಬರುವುದು ಸ್ವಲ್ಪ ತಡವಾಯಿತು. ಸಾಲಿನಲ್ಲಿ ಮುಂದೆ ನಿಂತಿದ್ದ ಕಲ್ಲಮ್ಮ ತಿರುಗಿ, “ಇವತ್ತು ನಿನ್ ಸೈರನ್ನು ಎರಡು ನಿಮಿಷ ಲೇಟು ಕಣಪ್ಪ” ಅಂದರು.

ಹನುಮಂತರಾಜು ಅವರು ಚೊಂಬನ್ನು ಎಡಗೈಗೆ ಬದಲಾಯಿಸಿಕೊಂಡು, ತಗ್ಗಿದ ದನಿಯಲ್ಲಿ, “ರೋಜರ್” ಎಂದರು.